ಮೂರರಿಂದ ಶುರುವಾಗುವ ಟೇಪು

ಹಳಿಯಾಳದ ನಮ್ಮ ಹೊಲಿಗೆ ಅಂಗಡಿಯ ಟೇಪು ಮೂರರಿಂದ ಶುರುವಾಗುತ್ತಿತ್ತು. ಮೊದಲ ಎರಡು ಇಂಚನ್ನು ಇಸ್ತ್ರಿಪೆಟ್ಟಿಗೆ ಸುಟ್ಟುಹಾಕಿತ್ತು. ಅವ್ವ ಸುಟ್ಟ ತುದಿಯನ್ನು ಕತ್ತರಿಸಿ ಎಸೆದು, ಅದೇ ಟೇಪನ್ನು ಕೊರಳಿಗೆ ಹಾಕಿಕೊಂಡು ವರ್ಷಗಟ್ಟಲೆ ಹೊಲಿದಳು. ಟೇಪು ತೋರಿಸಿದ್ದರಲ್ಲಿ ಎರಡು ಕಳೆದರೆ ನಿಜವಾದ ಅಳತೆ. ಲೆಕ್ಕ ಅಷ್ಟೇ ಆಗಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಹೆಂಗಸರ ಸೊಂಟ ಅಳೆದಾಗ ಅವ್ವ ಎರಡು ಕಳೆದು ಹೇಳುತ್ತಿದ್ದಳು; ಗಂಡಸರ ಎದೆ ಅಳೆದಾಗ ಕಳೆಯದೆ ಹೇಳುತ್ತಿದ್ದಳು. ಅಳತೆ ಪುಸ್ತಕದಲ್ಲಿ ಮಾತ್ರ ಎಲ್ಲರದೂ ಕಳೆದದ್ದೇ. ಹೀಗಾಗಿ ನಮ್ಮ ಓಣಿಯ ಗಂಡಸರು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದರು, ಅಂಗಿಗಳೂ ಸರಿಯಾಗಿ ಕೂರುತ್ತಿದ್ದವು. ಸುಳ್ಳು ಹೇಳುತ್ತೀ ಎಂದು ನಾನು ಜಗಳ ತೆಗೆದರೆ, ಟೇಪು ಓದಿ ಹೇಳಿದೆ, ಸುಳ್ಳೆಲ್ಲಿ ಬಂತು ಎನ್ನುತ್ತಿದ್ದಳು.

ಎದುರಿನ ಹಿಟ್ಟಿನ ಗಿರಣಿಯ ಮಾಮಾ ಈ ಟೇಪಿನ ದೊಡ್ಡ ಭಕ್ತರು. ಒಂದು ಕಾಲದಲ್ಲಿ ಪೈಲ್ವಾನರು. ಮೊಣಕಾಲು ಕೈಕೊಟ್ಟ ಮೇಲೆ ಅಖಾಡ ಬಿಟ್ಟು ಗಿರಣಿ ಹಾಕಿದ್ದರು. ಕುಸ್ತಿ ಹೋದರೂ ಎದೆ ನಲವತ್ನಾಲ್ಕು ಉಳಿದಿದೆ ಎಂದು ಜೋಳ ಬೀಸಿಸಲು ಬಂದವರಿಗೆಲ್ಲ ಕೇಳದೆಯೇ ಹೇಳುತ್ತಿದ್ದರು. ಅಖಾಡದಿಂದ ಅವರ ಜೊತೆ ಮನೆಗೆ ಬಂದದ್ದು ಅದೊಂದೇ.

ಕಳೆದ ವರ್ಷ ಓಣಿಯವರು ನಾಟಕ ಆಡಲು ನಿಂತರು. ಭೀಮನ ಪಾತ್ರ ಬೇಕೆಂದವರು ಇಬ್ಬರು: ನಮ್ಮ ಮಾಮಾ, ಮತ್ತು ಸನವಳ್ಳಿಯಿಂದ ಬಂದಿದ್ದ ಶಾಲೆಯ ಮಾಸ್ತರರು. ಇಬ್ಬರಿಗೂ ನಾಟಕದ ಮಾತು ಬಾಯಿಪಾಠವಾಗುತ್ತಿರಲಿಲ್ಲ. ಆದ್ದರಿಂದ ನಾಟಕ ಕಲಿಸುವವರು, ಎದೆ ದೊಡ್ಡದಿದ್ದವರೇ ಭೀಮ ಎಂದು ತೀರ್ಮಾನಿಸಿದರು. ಮಾಸ್ತರರು ಮುಂಡಗೋಡಿನ ದರ್ಜಿಯ ಚೀಟಿಯ ಫೋಟೊ ತೆಗೆದು ಮೊಬೈಲಿನಲ್ಲಿ ಕಳಿಸಿದರು: ನಲವತ್ಮೂರು. ಮಾಮಾ ನಕ್ಕುಬಿಟ್ಟರು. ಭೀಮನ ಮಖಮಲ್ಲಿನ ಅಂಗಿಗೆ ಅಳತೆ ಕೊಡುತ್ತೇನೆಂದು, ನಾಟಕ ಕಲಿಸುವವರನ್ನೇ ಕರೆದುಕೊಂಡು ಅಂಗಡಿಗೆ ಬಂದರು.

ಅವ್ವ ಗುಂಡಿ ತರಲು ಪೇಟೆಗೆ ಹೋಗಿದ್ದಳು. ನಮ್ಮ ಮೋಟು ಟೇಪಿಗೆ ನಾಚಿ ನಾನು ದಾಂಡೇಲಿಯಿಂದ ಹೊಸದೊಂದನ್ನು ತಂದಿಟ್ಟುಕೊಂಡಿದ್ದೆ. ಒಂದರಿಂದಲೇ ಶುರುವಾಗುವ, ತುದಿಗೆ ಹಿತ್ತಾಳೆ ಪಟ್ಟಿ ಇರುವ ಟೇಪು. ದೊಡ್ಡಸ್ತಿಕೆಯಿಂದ ಅದನ್ನೇ ಸುತ್ತಿ ಗಟ್ಟಿಯಾಗಿ ಓದಿದೆ: ನಲವತ್ತೆರಡು.

ಮಾಮಾ ಮತ್ತೆ ಅಳೆ ಎಂದರು. ಈ ಸಲ ಉಸಿರು ಎಳೆದು ನಿಂತರು. ನಾಟಕವೆಲ್ಲ ಉಸಿರು ಹಿಡಿದೇ ಇರುತ್ತೀರಾ ಎಂದು ಕಲಿಸುವವರು ಬಿಡಿಸಿದರು. ಮತ್ತೂ ನಲವತ್ತೆರಡು. ಬೆಳಿಗ್ಗೆ ಉಂಡಿಲ್ಲ ಎಂದರು ಮಾಮಾ. ಗಿರಣಿಯಲ್ಲಿ ದಿನವಿಡೀ ನಡುಗಿ ನಡುಗಿ ಎದೆ ಸವೆದಿರಬೇಕು ಎಂದರು. ಅವರ ಹಣೆ ಬೆವರಿತ್ತು. ನಾನೇನು ಮಾಡಿದೆನೆಂದು ಆಗ ತಿಳಿಯಿತು. ಕಲಿಸುವವರು ಮಾಸ್ತರರಿಗೆ ಫೋನು ಹಚ್ಚಲು ಮೊಬೈಲು ತೆಗೆದರು.

ಅಷ್ಟರಲ್ಲಿ ಅವ್ವ ಬಂದಳು. ಮಾಮಾರ ಮುಖ ನೋಡಿದಳು, ನನ್ನ ಕೈಯಲ್ಲಿದ್ದ ಟೇಪು ನೋಡಿದಳು.

“ಹೊಸಾ ಟೇಪ್ ರೀ ಅದು, ಇನ್ನಾ ಬಿಗಿ ಐತಿ,” ಎಂದಳು ಕಲಿಸುವವರಿಗೆ. “ನಾಕ ದಿನಾ ಬಳಸಿದ ಮ್ಯಾಲೆ ಸಡ್ಲ ಆಗತೈತಿ.”

ಅವರಿಗೆ ಹೊಸ ಚಪ್ಪಲಿ ಕಚ್ಚಿದ ಅನುಭವ ಇದ್ದಿರಬೇಕು, ಹೌದೆಂದು ತಲೆಯಾಡಿಸಿದರು. ಅವ್ವ ಕೊರಳಿನ ಹಳೆಯ ಟೇಪು ತೆಗೆದು ಸುತ್ತಿದಳು. ನಲವತ್ನಾಲ್ಕು. ಪಾತ್ರ ಮಾಮಾರದಾಯಿತು, ಕಲಿಸುವವರು ಮೊಬೈಲು ಕಿಸೆಗೆ ಹಾಕಿಕೊಂಡು ಹೊರಟರು.

ಅವ್ವ ನನ್ನನ್ನು ಬೈಯಲಿಲ್ಲ. ಹೊಸ ಟೇಪನ್ನು ಕಸಿದುಕೊಂಡು, ಹಿತ್ತಾಳೆ ಪಟ್ಟಿಯ ಸಮೇತ ಮೊದಲ ಎರಡು ಇಂಚನ್ನು ಕಚಕ್ಕನೆ ಕತ್ತರಿಸಿದಳು. ನನಗೆ ಅಳುವೇ ಬಂತು. ಮಾಮಾ ಇನ್ನೂ ಬಾಗಿಲಲ್ಲೇ ಚಪ್ಪಲಿ ಮೆಟ್ಟುತ್ತಿದ್ದುದನ್ನು ನಾವಿಬ್ಬರೂ ಗಮನಿಸಿರಲಿಲ್ಲ. ನೆಲಕ್ಕೆ ಬಿದ್ದ ತುಂಡನ್ನು ಅವರು ನೋಡಿದರು. ಆಮೇಲೆ ಗಿರಣಿಯ ಕಡೆ ಮುಖ ತಿರುಗಿಸಿಕೊಂಡರು.

“ಅಕ್ಕಾರ,” ಎಂದರು ಮೆಲ್ಲಗೆ, “ಅಂಗಿ ಮಾತ್ರ ಯಾವತ್ತಿನಂಗ ನಲವತ್ತೆರಡಕ್ಕನ ಹೊಲೀರಿ.”