ಗೋಡೆಗೆ ಮುಖ ಮಾಡಿ ಕೇಳಿದ ಲೆಕ್ಕ

ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಮೊದ್ದು ಎನ್ನುವ ಹಕ್ಕು ಇದ್ದದ್ದು ಒಬ್ಬನಿಗೇ, ಅವಳ ಅಣ್ಣನಿಗೆ. ಇಬ್ಬರೂ ಭೌತವಿಜ್ಞಾನ ಕಲಿಸುವವರು, ಇಬ್ಬರಿಗೂ ಹಿಡಿದ ಹುಚ್ಚು ಒಂದೇ. ಜಗತ್ತಿನ ಬಹುಪಾಲು ದ್ರವ್ಯ ಕಣ್ಣಿಗೆ ಬೀಳುವುದಿಲ್ಲವಲ್ಲ, ಅದು ಆಕ್ಸಿಯಾನ್ ಎಂಬ ಕಣವಿರಬೇಕು. ಅದೂ ಎಂಥದ್ದು? ತೂಕ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಅಂಥ ಕಣ ಅಲೆಯ ಹಾಗೂ ಹರಡಿಕೊಳ್ಳುತ್ತದೆ, ಹಗುರವಾದಷ್ಟೂ ಅದರ ಅಲೆ ಉದ್ದ. ಒಂದೊಂದು ಅಲೆಯೂ ಸಾವಿರಾರು ಜ್ಯೋತಿರ್ವರ್ಷ ಚಾಚಿಕೊಂಡಿರುತ್ತದೆ. ಇದು ಅವರ ಮಾದರಿ. "ಕಾಣದ್ದನ್ನ ಹುಡುಕೋದಕ್ಕೆ ಸಂಬಳ ಬೇರೆ ಕೊಡ್ತಾರಾ?" ಎಂದು ಅಮ್ಮ ರೇಗಿಸುತ್ತಿದ್ದಳು.

ಆ ದಿನಗಳೇ ದಿನಗಳು ಬಿಡಿ. ಮಹಡಿಯ ಕೋಣೆ, ಒಂದು ಕರಿಹಲಗೆ, ಕಾಲು ಅಲ್ಲಾಡುವ ಕುರ್ಚಿ. ಅವಳು ಬರೆಯುತ್ತಾ ಲೆಕ್ಕವನ್ನು ಬಾಯಲ್ಲಿ ಹೇಳಬೇಕು. ಅಣ್ಣ ಗೋಡೆಗೆ ಮುಖ ಮಾಡಿ ಕೂತು ಬರೀ ಕಿವಿಯಲ್ಲಿ ಹಿಂಬಾಲಿಸಬೇಕು. "ಕಣ್ಣು ಮೋಸ ಹೋಗತ್ತೆ ಕಣೆ, ಬರೆದಿದ್ದೆಲ್ಲ ಸರಿ ಅನ್ಸತ್ತೆ" ಎನ್ನುತ್ತಿದ್ದ. ಕೆಳಗೆ ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಇಬ್ಬರಿಗೂ ಪರಿವೆಯಿಲ್ಲ. ಅಮ್ಮ ಬಂದು ಬೈದರೆ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುತ್ತಿದ್ದರು. ನೆನೆದರೆ ಅವಳಿಗೆ ಈಗಲೂ ನಗು ಬರುತ್ತದೆ, ಹಿಂದೆಯೇ ಸಂಕಟವೂ ಆಗುತ್ತದೆ.

ಈಗ ಅಮ್ಮನಿಲ್ಲ. ಅಣ್ಣ ಹೃದಯ ಸೋತು ಹಾಸಿಗೆ ಹಿಡಿದಿದ್ದಾನೆ, ಕಣ್ಣೂ ಮಂಜು. ಹಾಳಾದ್ದು, ಇದೇ ಹೊತ್ತಿಗೆ ದೂರದರ್ಶಕದವರ ಹೊಸ ಅಳತೆಗಳು ಬಂದವು. ಒಂದು ಪುಟಾಣಿ ಗೆಲಾಕ್ಸಿಯ ನಕ್ಷತ್ರಗಳು ಇನ್ನೂ ಒತ್ತೊತ್ತಾಗಿಯೇ ಇವೆಯಂತೆ. ಅಣ್ಣ ತಂಗಿಯರ ಮಾದರಿ ನಿಜವಾಗಿದ್ದರೆ ಆ ಅಲೆಗಳು ನಕ್ಷತ್ರಗಳನ್ನು ಅಲುಗಿಸಿ ಅಲುಗಿಸಿ ಇಷ್ಟರಲ್ಲಿ ಚದುರಿಸಿಬಿಟ್ಟಿರಬೇಕಿತ್ತು. ಅವಳು ಲೆಕ್ಕ ಮಾಡಿ ನೋಡಿದಳು. ಮಾದರಿ ಉಳಿಯಲಿಲ್ಲ. ಅದು ನಿಜವಾದೀತೆಂಬ ಒಂದೇ ಆಸೆಯ ಮೇಲೆ ಜೀವ ಹಿಡಿದುಕೊಂಡವನಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದು?

"ಹೊಸ ಅಳತೆ ಬಂತಂತೆ. ಲೆಕ್ಕ ಹೇಳು" ಎಂದು ಅಣ್ಣ ಗೋಡೆ ಕಡೆ ಮಗ್ಗುಲಾದ.

ಅವಳು ಹೇಳುತ್ತಾ ಹೋದಳು. ಒಂದು ಕಡೆ ಮಾತ್ರ, ಬದುಕಿನಲ್ಲಿ ಮೊದಲ ಬಾರಿಗೆ, ಬೇಕೆಂದೇ ತಪ್ಪಿದಳು. ನಕ್ಷತ್ರಗಳ ವಯಸ್ಸು ಸಾವಿರ ಕೋಟಿ ವರ್ಷ ಎನ್ನಬೇಕಾದ ಕಡೆ ನೂರು ಕೋಟಿ ಎಂದಳು. ಅಷ್ಟು ಕಡಿಮೆ ಕಾಲದಲ್ಲಿ ಚದುರುವುದೂ ಕಡಿಮೆ, ಮಾದರಿ ಬಚಾವು.

"ನಮ್ಮದು ಉಳೀತು ಅಣ್ಣ."

ಅಣ್ಣ ಗೋಡೆಯಿಂದ ಮುಖ ತಿರುಗಿಸದೆಯೇ ಕೇಳಿದ. "ಆ ನಕ್ಷತ್ರಗಳು ಅಷ್ಟು ಎಳೇವಾ? ಹೆಚ್ಚುಕಮ್ಮಿ ಜಗತ್ತಿನಷ್ಟೇ ಹಳೇವು ಕಣೆ ಅವು."

ಅವಳು ತಡೆದುಕೊಳ್ಳಲಾಗದೆ ಅತ್ತೇಬಿಟ್ಟಳು.

"ಅಳು, ಬೇಡ ಅನ್ನಲ್ಲ. ಆದ್ರೆ ಸರಿಯಾದ ವಯಸ್ಸು ಹಾಕಿ ಇನ್ನೊಂದ್ಸಲ ಹೇಳು. ನೀನು ಹೇಳದಿದ್ರೆ ನನಗೆ ಇನ್ಯಾರು ಹೇಳ್ತಾರೆ?"

ಅವಳು ಮೂಗೊರೆಸಿಕೊಂಡು ಮೊದಲಿಂದ ಹೇಳಿದಳು. ಈ ಸಲ ಒಂದು ಸೊನ್ನೆಯನ್ನೂ ಬಿಡಲಿಲ್ಲ.

"ಹಾಗಾದ್ರೆ ಹೋಯ್ತು" ಎಂದ ಅಣ್ಣ. ಕಷ್ಟಪಟ್ಟು ಈ ಕಡೆ ತಿರುಗಿ ಅವಳ ಕೈ ಹಿಡಿದುಕೊಂಡ. "ಚೆನ್ನಾಗಿತ್ತು ಅಲ್ವೇನೆ, ನಮ್ಮದು?"

"ತುಂಬಾ ಚೆನ್ನಾಗಿತ್ತು ಅಣ್ಣ" ಎಂದಳು ಅವಳು.