ಚೀಲದ ಮೂಲೆಯ ಕರಿ ಎಳೆ

ಸುಲೇಪೇಟದಲ್ಲಿ ಚಿಂಚೋಳಿ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಪುಂಡಿನಾರಿನ ಚೀಲದ ಹಿಡಿಕೆ ಕಿತ್ತುಹೋಗಿ, ಪುಸ್ತಕಗಳೆಲ್ಲ ಧೂಳಿಗೆ ಬಿದ್ದವು. ವರ್ಷಗಳ ಹಿಂದೆ ಇದೇ ಊರಿನ ಸಂತೆಯಲ್ಲಿ ಕೊಂಡ ಚೀಲ. ಬೇವಿನ ನೆರಳಿನಲ್ಲಿ ಒಬ್ಬ ಹೆಂಗಸು ಅಂಥವೇ ಚೀಲ ಹೆಣೆದು ಮಾರುತ್ತಿದ್ದಳು. ಹೊಸದೊಂದು ಕೊಡಮ್ಮ ಎಂದೆ.

ಆಕೆ ಹೊಸದನ್ನು ಕೊಡಲಿಲ್ಲ. ಹಳೆಯದನ್ನು ತೆಗೆದುಕೊಂಡು ಒಳಹೊರಗು ತಿರುವಿ, ತಳದ ಮೂಲೆಯಲ್ಲಿದ್ದ ಕಪ್ಪು ಎಳೆಯ ಮೇಲೆ ಬೆರಳಿಟ್ಟಳು. ಅದನ್ನು ಕಲೆಯೆಂದುಕೊಂಡು ನಾನು ಎಷ್ಟೋ ಸಲ ಸೋಪು ಹಚ್ಚಿ ತಿಕ್ಕಿದ್ದೆ.

"ಆಡಿನ ಕೂದಲ ಅದ ಅಕ್ಕಾರ. ದೃಷ್ಟಿ ಆಗಬಾರದಂತ ನಮ್ಮತ್ತಿ ಹಾಕ್ತಿದ್ಳು. ಇದು ಆಕೀನೇ ಹೆಣದ ಚೀಲ. ಆಕಿ ಹೋಗಿ ಎರಡು ವರ್ಷ ಆತ್ರಿ. ಭಾಳ ಗಟ್ಟಿ ಅದ, ಹೊಸಾದ್ಯಾಕ? ಕುಂದ್ರಿ, ಈ ತುದಿ ಹಿಡೀರಿ."

ಇಷ್ಟು ವರ್ಷ ಹೊತ್ತಿದ್ದೆ. ಯಾರ ಕೈಯದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾರಿನ ತುದಿ ಹಿಡಿದು ಕೂತೆ. ಆಕೆ ಹಿಡಿಕೆ ಹೊಸೆಯುತ್ತ ಕೇಳಿದಳು, "ಎಲ್ಲೆಲ್ಲಿ ತಿರಗಿ ಬಂದದ್ರಿ ಇದು?"

ಹೈದರಾಬಾದು, ಹೊಸಪೇಟೆ, ಮೈಸೂರು ಎಂದೆ. ಮಂಗಳೂರಿನಲ್ಲಿ ಸಮುದ್ರದ ದಂಡೆಯ ಮೇಲೆ ಇದನ್ನೇ ತಲೆದಿಂಬು ಮಾಡಿಕೊಂಡಿದ್ದೆ ಎಂದೂ ಹೇಳಿದೆ. ಆಕೆಯ ಕೈ ನಿಂತಿತು.

"ಸಮುದ್ರ ನೋಡ್ಯದ? ನಮ್ಮತ್ತಿ ವಾಡಿ ಟೇಶನ್ ದಾಟಿದಾಕಿ ಅಲ್ರಿ."

ಬಸ್ಸು ಬಂತು. ಆಕೆ ಗಂಟು ಬಿಗಿದು, ಪುಸ್ತಕ ತುಂಬಿ, ಚೀಲವನ್ನು ತಾನೇ ನನ್ನ ಹೆಗಲಿಗೆ ಹಾಕಿದಳು. ಕರಿ ಎಳೆಯ ಮೂಲೆಯನ್ನು ಹೊರಗಡೆಗೆ ತಿರುಗಿಸಿ, "ಹಿಂಗ ಇರಲಿ, ಆಕೀಗೂ ಕಾಣಲಿ" ಅಂದಳು.

ಬಸ್ಸಿನಲ್ಲಿ ಚೀಲವನ್ನು ಸೀಟಿನ ಕೆಳಗೆ ತಳ್ಳಲು ಮನಸ್ಸಾಗಲಿಲ್ಲ. ಕಿಟಕಿಯ ಪಕ್ಕದ ಜಾಗವನ್ನು ಅದಕ್ಕೆ ಬಿಟ್ಟುಕೊಟ್ಟು, ನಾನು ಈಚೆಗೆ ಸರಿದು ಕೂತೆ.