ಮಾವನವರು ಬಗ್ಗಿಸಿದ ಬ್ರಷ್ಷು

ನಮ್ಮ ಮಾವನವರ ಮುಂದಿನ ಹಲ್ಲಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ಹುಡುಗನಾಗಿದ್ದಾಗಿನಿಂದ ಹೊಲಿಗೆಯ ದಾರವನ್ನು ಹಲ್ಲಿನಿಂದಲೇ ಕಡಿದು ಕಡಿದು ಆದದ್ದು. ದಾರದ ತುದಿ ಅಲ್ಲಿಗೆ ಹೋಗಿ ತಾನೇ ಕೂರುತ್ತಿತ್ತು. ಅವರು ಒಮ್ಮೆ ತಲೆ ಕೊಂಕಿಸಿದರೆ ಕಟ್ ಅಂತ ತುಂಡಾಗುತ್ತಿತ್ತು. ಕೈಗೆ ಸಿಗುವ ಹಾಗೆ ಕತ್ತರಿ ಇದ್ದರೂ ಅದನ್ನು ಮುಟ್ಟುತ್ತಿರಲಿಲ್ಲ. ಕತ್ತರಿ ಏನಿದ್ದರೂ ಬಟ್ಟೆಗೆ ಮಾತ್ರ. ದಾರಕ್ಕೂ ಇಲ್ಲ, ಕಾಗದಕ್ಕಂತೂ ಕೇಳಲೇಬೇಡಿ. ಮನೆಯಲ್ಲಿ ಯಾರಾದರೂ ಅದರಿಂದ ಒಂದು ಕಾಗದ ಕತ್ತರಿಸಿದರೋ, ಅವತ್ತು ಅವರಿಗೆ ಮಂಗಳಾರತಿಯೇ.

ಆ ಕಚ್ಚನ್ನು ನಾನು ನೋಡಿದ್ದು ಮದುವೆಯಾಗಿ ಎಷ್ಟೋ ತಿಂಗಳ ಮೇಲೆ, ಅದೂ ಬಾಗಿಲ ಸಂದಿಯಿಂದ. ಎಪ್ಪತ್ತರ ದಶಕದ ಹೊನ್ನಾಳಿಯಲ್ಲಿ ನಮ್ಮಂಥ ಮನೆಗಳಲ್ಲಿ ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುತ್ತಿರಲಿಲ್ಲ. ಹೇಳಬೇಕಾದದ್ದನ್ನು ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಮುಟ್ಟಿಸಬೇಕು. ಮೂವರೂ ಒಂದೇ ಪಡಸಾಲೆಯಲ್ಲಿದ್ದರೂ ಇದೇ ಕ್ರಮ. “ಇನ್ನೊಂಚೂರು ಚಾ ಬೇಕಾ ಕೇಳ್ರಿ ಅತ್ತೆಮ್ಮ” ಅಂತ ನಾನು. “ಚಾ ಬೇಕೇನು ಅಂತಾಳ್ರೀ” ಅಂತ ಅತ್ತೆ. “ಸಾಕನ್ನು ಆಕೆಗೆ” ಅಂತ ಅವರು. ತವರಿನಲ್ಲಿ ನನ್ನನ್ನು ಮಾತಿನ ಮಲ್ಲಿ ಅನ್ನುತ್ತಿದ್ದರು. ಅಂಥವಳಿಗೆ ಇದೆಂಥ ಶಿಕ್ಷೆ ನೀವೇ ಯೋಚಿಸಿ. ನನ್ನ ಗಂಡ ಜಗಳೂರಿನಲ್ಲಿ ಮೇಷ್ಟರು. ಶನಿವಾರ ಸಂಜೆ ಬಸ್ಸಿಗೆ ಬಂದು ಸೋಮವಾರ ನಸುಕಿಗೇ ಹೊರಡುವವರು. ಉಳಿದ ದಿನಗಳಲ್ಲಿ ಮನೆಯಲ್ಲಿ ಅತ್ತೆ, ನಾನು, ಮುಂದಿನ ಕೋಣೆಯ ಅಂಗಡಿಯಲ್ಲಿ ಮಾವನವರು ಮತ್ತು ಅವರ ಹೊಲಿಗೆ ಮಿಶನ್ನು.

ದರ್ಜಿ ಅಂದರೆ ಎಂಥ ದರ್ಜಿ! ಯಾರೇ ಬಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರೂ, “ಬಟ್ಟೆ ಆಮ್ಯಾಲೆ ಕೊಡ್ರಿ, ಮೊದ್ಲು ಅಳತೆ ಕೊಡ್ರಿ” ಅನ್ನುವರು. ಹೋದ ತಿಂಗಳಷ್ಟೇ ಅಂಗಿ ಹೊಲಿಸಿಕೊಂಡವರು ಬಂದರೂ ಇದೇ ಮಾತು. “ಅದೇ ಮೈ ಐತಲ್ರೀ” ಅಂತ ಅವರು ಗೊಣಗಿದರೆ, “ಮೈ ಅದೇ, ಊಟ ಬ್ಯಾರೆ ಆಗಿರತೈತೆ” ಅಂದು ಟೇಪು ಹಿಡಿದೇ ಬಿಡುವರು. ಹೆಂಗಸರ ರವಿಕೆಗೆ ಮಾತ್ರ ಹಳೆಯ ರವಿಕೆ ತರಿಸಿಕೊಂಡು ಅದರ ಮೇಲೆ ಅಳೆಯುತ್ತಿದ್ದರು. ನನ್ನ ರವಿಕೆಗಳನ್ನೂ ಹಾಗೆಯೇ ಹೊಲಿದರು. ನನ್ನನ್ನು ಒಮ್ಮೆಯೂ ಸರಿಯಾಗಿ ನೋಡದೆ ಅಷ್ಟು ಹದವಾಗಿ ಹೊಲಿದ ರವಿಕೆಯನ್ನು ಆಮೇಲೆ ನಾನು ಯಾವ ಊರಿನಲ್ಲೂ ತೊಟ್ಟಿಲ್ಲ. ಈಗಲೂ ಹೊಸ ರವಿಕೆ ಕಂಕುಳಲ್ಲಿ ಎಳೆದರೆ ಮೊದಲು ಅವರದೇ ನೆನಪು, ಏನು ಮಾಡಲಿ.

ನನ್ನ ತವರು ಚನ್ನಗಿರಿ ಹತ್ತಿರದ ಹಳ್ಳಿ. ಅಡಿಕೆ ಸುಲಿಯುವ ಕಾಲ ಬಂತೆಂದರೆ ಹೆಂಗಸರು, ಹುಡುಗಿಯರು ಎಲ್ಲ ಕತ್ತಿಗಳ ಮುಂದೆ ಸಾಲಾಗಿ ಕೂರುವುದು. ಕೈ ಸುಲಿಯುತ್ತಿದ್ದರೆ ಬಾಯಿ ಅಡಿಕೆ ಅಗಿಯುತ್ತಲೇ ಇರಬೇಕು. ಅಗಿಯದೆ ಕೂತವಳನ್ನು “ಏನೇ, ಜ್ವರ ಬಂದೈತಾ?” ಅಂತ ಕೇಳುವರು. ನಾನು ಲಂಗ ಉಡುವ ವಯಸ್ಸಿನಿಂದ ಅಗಿದವಳು. ಯಾವಾಗಿನಿಂದಲೋ ಕೆನ್ನೆಯ ಒಳಭಾಗ ಬಿಗಿಯತೊಡಗಿತು. ಮದುವೆಯಾಗಿ ಹೊನ್ನಾಳಿಗೆ ಬರುವ ಹೊತ್ತಿಗೆ ನನ್ನ ಬಾಯಿ ಎರಡು ಬೆರಳು ತೂರುವಷ್ಟೂ ತೆರೆಯುತ್ತಿರಲಿಲ್ಲ. ರೊಟ್ಟಿಯನ್ನು ಚೂರು ಚೂರು ಮಾಡಿ ಒಳಗೆ ತಳ್ಳಿಕೊಳ್ಳುತ್ತಿದ್ದೆ. ಖಾರ ತಾಗಿದರೆ ಕಣ್ಣಲ್ಲಿ ನೀರು. ಹೊಸ ಸೊಸೆ ಎಷ್ಟು ನಾಚಿಕೆಯಿಂದ ಪುಟ್ಟ ಪುಟ್ಟ ತುತ್ತು ಉಣ್ಣುತ್ತಾಳೆ ಅಂತ ಓಣಿಯ ಹೆಂಗಸರೆಲ್ಲ ಮೆಚ್ಚಿಕೊಂಡರು. ನಾನೂ ಸುಮ್ಮನಿದ್ದೆ. ಮೆಚ್ಚುವವರನ್ನು ಯಾಕೆ ತಡೆಯಬೇಕು?

ಮೊದಲ ಬಸುರಿನಲ್ಲಿ ಬಲಗಡೆಯ ಮೇಲಿನ ಕೊನೆಯ ದವಡೆ ಹಲ್ಲು ನೋಯಲು ಶುರುಮಾಡಿತು. ಕೆನ್ನೆ ಊದಿತು, ಗಂಜಿಯೇ ಗತಿಯಾಯಿತು. ಗಂಡ ದಾವಣಗೆರೆಗೆ ಕರೆದುಕೊಂಡು ಹೋಗಿ ಹಲ್ಲಿನ ಡಾಕ್ಟರಿಗೆ ತೋರಿಸಿದರು. ಡಾಕ್ಟರು ಒಳ್ಳೆಯವರು, ಸುಳ್ಳು ಧೈರ್ಯ ಹೇಳಲಿಲ್ಲ. “ಕೀಳಾಣ ಅಂದ್ರೆ ಇಕ್ಕಳ ಒಳಗೆ ಹೋಗಾಕೆ ಜಾಗ ಇಲ್ಲಮ್ಮ. ಊದಿರೋದು ಒಸಡು, ಹುಳುಕು ಈಗಿನ್ನೂ ಮೇಲೆ ಮೇಲೆ ಐತೆ. ಅಡಿಕೆ ಬಿಡು. ದಿನಾ ಆ ಹಲ್ಲನ್ನ ತಿಕ್ಕಿ ಸ್ವಚ್ಛ ಇಟ್ಕೊಂಡ್ರೆ ಉಳೀತದೆ. ಇಲ್ಲಾಂದ್ರೆ ಕೀವು ತುಂಬಿ, ದೊಡ್ಡಾಸ್ಪತ್ರೇಲಿ ದವಡೆ ಕೊಯ್ಯೋ ಹಂಗಾಗ್ತದೆ. ಬಸುರಿ ಬೇರೆ ನೀನು” ಅಂದರು.

ತಿಕ್ಕಬೇಕು, ಸರಿ. ಹೇಗೆ ತಿಕ್ಕುವುದು? ಬ್ರಷ್ಷಿನ ತಲೆ ತುಟಿಯ ಹತ್ತಿರವೇ ಅಡ್ಡ ನಿಲ್ಲುತ್ತಿತ್ತು. ಬೆರಳು ಕೋರೆಹಲ್ಲಿನಿಂದ ಆಚೆ ಹೋಗುತ್ತಿರಲಿಲ್ಲ. ಬೇವಿನ ಕಡ್ಡಿಯ ತುದಿಯನ್ನು ಜಜ್ಜಿ ನೋಡಿದೆ, ಅದು ಕೆನ್ನೆಗೆ ಚುಚ್ಚಿ ರಕ್ತ ಬಂತು. ಹಿತ್ತಲಲ್ಲಿ ಕೂತು ಅತ್ತುಬಿಟ್ಟೆ. ಅತ್ತೆ ಹೋಗಿ ಮಾವನವರಿಗೆ ಎಲ್ಲವನ್ನೂ ಹೇಳಿದರು. ಮಿಶನ್ನಿನ ಸದ್ದು ನಿಂತಿತು.

ಅವತ್ತು ಊಟ ಆದ ಮೇಲೆ ಅತ್ತೆ ರೂಢಿಯಂತೆ ಎಲೆ ಅಡಿಕೆಯ ತಟ್ಟೆ ತಂದಿಟ್ಟರು. ಮಾವನವರಿಗೆ ಊಟ ಒಂದು ತುತ್ತು ಕಡಿಮೆಯಾದರೂ ನಡೆಯುತ್ತಿತ್ತು, ಎಲೆ ಅಡಿಕೆ ಇಲ್ಲದೆ ಆಗುತ್ತಿರಲಿಲ್ಲ. ತಟ್ಟೆಯನ್ನು ಹಿಂದಕ್ಕೆ ಸರಿಸಿ, “ಇದನ್ನ ಈ ಮನ್ಯಾಗೆ ಇಡಬ್ಯಾಡ ಇನ್ನು. ಪಕ್ಕದ ಮನೆಯೋರಿಗೆ ಕೊಟ್ಟುಬಿಡು” ಅಂದರು. ನನ್ನ ಹೆಸರೆತ್ತಲಿಲ್ಲ, ನನಗೆ ಬಿಡು ಅಂತ ಹೇಳಲಿಲ್ಲ. ಸಾಯುವ ತನಕ ಮತ್ತೆ ಬಾಯಿಗೆ ಹಾಕಲೂ ಇಲ್ಲ. ನಾನು ಅಡಿಕೆ ಬಿಟ್ಟದ್ದು ಡಾಕ್ಟರ ಮಾತಿಗಲ್ಲ, ಆ ತಟ್ಟೆಗೆ.

ಮುಂದೆ ನ್ಯಾಮತಿ ಸಂತೆಗೆ ಹೊಲಿದ ಚಡ್ಡಿ ಅಂಗಿ ಮಾರಲು ಹೋದವರು ಮಕ್ಕಳ ಬ್ರಷ್ಷುಗಳನ್ನು ಕೊಂಡು ತಂದರು. ತಾವು ಜನ್ಮದಲ್ಲಿ ಬ್ರಷ್ಷು ಹಿಡಿದವರಲ್ಲ, ಬೇವಿನ ಕಡ್ಡಿಯ ಗಿರಾಕಿ. ಮಿಶನ್ನು ಬದಿಗಿಟ್ಟು ಕೂತೇ ಕೂತರು. ಬ್ರಷ್ಷಿನ ಕೂದಲನ್ನು ಚಿಮಟದಿಂದ ಕಿತ್ತು ತುದಿಯಲ್ಲಿ ಒಂದೆರಡು ಗೊಂಚಲು ಮಾತ್ರ ಉಳಿಸಿದರು. ಬರಿದಾದ ತಲೆಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ತೆಳ್ಳಗೆ ಮಾಡಿದರು. ಇಸ್ತ್ರಿ ಪೆಟ್ಟಿಗೆಯ ಕೆಂಡಕ್ಕೆ ಬ್ರಷ್ಷಿನ ಕತ್ತು ಹಿಡಿದು, ಮೆತ್ತಗಾದ ಮೇಲೆ ಮೇಲಕ್ಕೆ ಮತ್ತು ಪಕ್ಕಕ್ಕೆ ಬಗ್ಗಿಸಿದರು. ಉಳಿದ ಕೂದಲಿನ ಉದ್ದ ಸಮ ಮಾಡಿದ್ದು ಯಾವುದರಿಂದ ಅಂತೀರಿ? ಅದೇ ಕತ್ತರಿಯಿಂದ! ಅತ್ತೆ ಬಾಯಿಯ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ನೋಡಿದರು.

ಆದರೆ ಬಗ್ಗಿಸಲು ಹಲ್ಲು ಯಾವ ಕಡೆಯದು ಅಂತ ಗೊತ್ತಿರಬೇಕಲ್ಲ. ಅವರು ನನ್ನ ಬಾಯಿ ನೋಡುವ ಹಾಗಿಲ್ಲ, ನಾನು ಹೇಳುವ ಹಾಗಿಲ್ಲ. ಅತ್ತೆ ನನ್ನನ್ನು ಬೆಳಕಿಗೆ ಕೂರಿಸಿ ಎದುರು ಕುಕ್ಕರಗಾಲಲ್ಲಿ ಕೂತು ಇಣುಕಿ ನೋಡಿ, ಹೋಗಿ ವರದಿ ಒಪ್ಪಿಸಿದರು. “ಎಡಗಡೆ ಮ್ಯಾಲಿನ ಕಡೇ ಹಲ್ಲು ಕಣ್ರೀ.”

ಬ್ರಷ್ಷು ಬಂತು. ತುಟಿ ದಾಟಿ ಸಲೀಸಾಗಿ ಒಳಗೆ ಹೋಯಿತು. ಹಾ ಅನ್ನುವಷ್ಟರಲ್ಲಿ ನೋಡಿದರೆ, ಬಾಗು ಇರುವುದು ಎಡದವಡೆಗೆ. ನೋವು ಇರುವುದು ಬಲದವಡೆಯಲ್ಲಿ.

“ಅತ್ತೆಮ್ಮ, ಬಲಗಡೆ ಅಂತ ಹೇಳ್ರಿ” ಅಂದೆ.

“ನಿನ್ನ ಬಲ ಅಂದ್ರೆ ಎದುರಿಗೆ ಕುಂತ ನಂಗೆ ಎಡ ತಾನೆ? ಅದನ್ನೇ ಹೇಳೀನಿ.”

“ಹಂಗಲ್ಲ ಅತ್ತೆಮ್ಮ...”

“ನಂಗೆ ಎಡ ಬಲ ತಿಳಿಯಾದಿಲ್ವೇನೆ? ಕಣ್ಣಾರೆ ನೋಡೀನಿ!”

ಹೀಗೆ ಅತ್ತೆ ಹೋಗಿ ಮುಟ್ಟಿಸಿದ್ದು ಇಷ್ಟೇ: ಬ್ರಷ್ಷು ಹಲ್ಲಿಗೆ ತಾಗುತ್ತಿಲ್ಲವಂತೆ. ಮಾವನವರು ಬಾಗು ಸಾಲದು ಅಂದುಕೊಂಡು ಎರಡನೆಯದನ್ನು ಎಡಕ್ಕೇ ಇನ್ನಷ್ಟು ಬಗ್ಗಿಸಿದರು. ಅದು ಬಂದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು. ಕೆನ್ನೆ ಮತ್ತೆ ಊದುತ್ತಿತ್ತು. ಹೊಟ್ಟೆಯೊಳಗಿನ ಮಗು ಗಂಜಿಯಲ್ಲೇ ಬೆಳೆಯಬೇಕಿತ್ತು. ಅತ್ತೆ ಮುಖ ಸಿಂಡರಿಸಿಕೊಂಡು, ಎಷ್ಟು ಮಾಡಿದರೂ ಇವಳದು ಇದ್ದದ್ದೇ ಅನ್ನುವ ಹಾಗೆ ಒಳಗೆ ಹೋದರು.

ಮೂರನೆಯ ಬ್ರಷ್ಷನ್ನು ಅವರು ಕೆಂಡಕ್ಕೆ ಹಿಡಿದಾಗ ನಾನು ಬಾಗಿಲ ಸಂದಿಯಲ್ಲಿದ್ದೆ. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಪ್ಲಾಸ್ಟಿಕ್ಕಿನ ಸುಟ್ಟ ವಾಸನೆ ಅಡುಗೆಮನೆಯ ತನಕ ಬರುತ್ತಿತ್ತು. ಅವರ ಬೆರಳ ತುದಿಗಳಲ್ಲಿ ಕೆಂಪಗೆ ಬೊಬ್ಬೆ ಎದ್ದಿದ್ದವು. ಸೂಜಿ ಹಿಡಿದು ಅನ್ನ ಸಂಪಾದಿಸುವ ಬೆರಳುಗಳು ಅವು. ಮತ್ತೆ ಎಡಕ್ಕೇ ಬಗ್ಗಿಸಹೊರಟರು. ನನಗೆ ತಡೆಯಲಾಗಲಿಲ್ಲ.

“ಮಾವಾರೆ, ಆ ಕಡೆ ಅಲ್ರಿ! ಬಲಗಡೆ!”

ಹೇಳಿಬಿಟ್ಟೆ. ಒಳಗಿನಿಂದ ಅತ್ತೆ ಓಡಿ ಬಂದರು. ಮಾವನವರು ಬಿಸಿ ಬ್ರಷ್ಷನ್ನು ಹಿಡಿದ ಹಾಗೇ ನೆಲ ನೋಡುತ್ತಾ ಕೂತಿದ್ದರು. ಇನ್ನೇನು ಬೈಗುಳ ಬಂತು ಅಂದುಕೊಂಡೆ.

“ಅಂಗಾದ್ರೆ ನಾನು ಅಳತೆ ಇಲ್ದೆ ಹೊಲಿಯಾಕೆ ಕುಂತೀನಿ ಅಂತಾತು” ಅಂದರು, ತಮಗೆ ತಾವೇ. ಆಮೇಲೆ ಗಿರಾಕಿಗಳ ಸ್ಟೂಲನ್ನು ಕಾಲಿನಿಂದ ಬೆಳಕಿನ ಕಡೆ ಸರಿಸಿದರು. “ಬಾರವ್ವಾ. ಕುಂತ್ಕೊ. ಏನೂ ತಿಳ್ಕಾಬ್ಯಾಡ.”

ಸೆರಗನ್ನು ಬಿಗಿಯಾಗಿ ಹೊದ್ದು ಕೂತೆ. ಕಣ್ಣು ಮುಚ್ಚಿ, ತೆರೆಯುವಷ್ಟು ಬಾಯಿ ತೆರೆದೆ. ಅವರು ಬಗ್ಗಿ ನೋಡಿದರು. ಅವರ ಉಸಿರಿನಲ್ಲಿ ಬೇವಿನ ಕಹಿವಾಸನೆ ಇತ್ತು. ಮುಟ್ಟಲಿಲ್ಲ. ಪೊರಕೆಯ ಕಡ್ಡಿಯೊಂದನ್ನು ಮುರಿದು ತೊಳೆದು ನನ್ನ ಕೈಗೇ ಕೊಟ್ಟು, “ನೀನೇ ಮೆಲ್ಲಕೆ ಬಿಡು. ಹಲ್ಲಿಗೆ ತಾಕಿದ ಕೂಡ್ಲೆ ತುಟಿ ಹತ್ರ ಉಗುರಲ್ಲಿ ಗುರುತು ಮಾಡು” ಅಂದರು. ಆ ಕಡ್ಡಿಯನ್ನು ಟೇಪಿನ ಮೇಲೆ ಇಟ್ಟು ಅಳೆದು, ಮತ್ತೆ ನನ್ನ ಬಾಯಿಯ ಕಡೆ ನೋಡಿ, “ನನ್ನವ್ವ, ಇಷ್ಟು ಸಣ್ಣ ಸಂದ್ಯಾಗೆ ಹೆಂಗೆ ಉಣ್ತಿದ್ದಿ ಇಷ್ಟು ದಿನ?” ಅಂದರು. ಅತ್ತೆ ಕದ ಹಿಡಿದು ನಿಂತು, “ನಂಗೂ ಹೇಳಲಿಲ್ಲ ನೋಡ್ರಿ ಇವಳು” ಅಂತ ಕಣ್ಣೊರೆಸಿಕೊಂಡರು.

ಮೂರನೆಯ ಬ್ರಷ್ಷು ಹೋಗಿ ಕರೆಕ್ಟಾಗಿ ಆ ಹಲ್ಲಿನ ಹಿಂದೆ ಕೂತಿತು. ಬಾವು ಇಳಿಯಿತು. ಮಗಳು ಹುಟ್ಟಿದಾಗ ನಾನು ಮೆತ್ತಗಿನ ಅನ್ನ ಉಣ್ಣುತ್ತಿದ್ದೆ. ಬಾಯಿ ಮತ್ತೆ ಪೂರ್ತಿ ತೆರೆಯಲಿಲ್ಲ, ಆದರೆ ಹಲ್ಲು ಉಳಿಯಿತು, ದವಡೆ ಕೊಯ್ಯಿಸಿಕೊಳ್ಳುವ ಗಂಡಾಂತರ ತಪ್ಪಿತು. ಕೂದಲು ಸವೆಯುವುದರೊಳಗೆ ಹೊಸದು ತಯಾರಿರುತ್ತಿತ್ತು. ಹಿಡಿ ಜಾರುತ್ತದೆ ಅಂತ ಒಂದಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಹೊಲಿದರು, ನನ್ನದೇ ರವಿಕೆಯ ಉಳಿದ ತುಂಡು. ಸುದ್ದಿ ತಿಳಿದು ನನ್ನ ತವರಿನ ಅಡಿಕೆ ಸುಲಿಯುವ ಹೆಂಗಸರು ಇಬ್ಬರು ಬಂದರು. ಅವರನ್ನೂ ಅದೇ ಸ್ಟೂಲಿನ ಮೇಲೆ ಕೂರಿಸಿ, ಕಡ್ಡಿ ಕೊಟ್ಟು, ಅಳತೆ ತೆಗೆದುಕೊಂಡೇ ಮಾಡಿಕೊಟ್ಟರು. “ಒಬ್ರ ಬಾಯಿದು ಇನ್ನೊಬ್ರಿಗೆ ಆಗಾಕಿಲ್ಲ” ಅನ್ನುವರು.

ಅವತ್ತಿನಿಂದ ನನಗೂ ಅವರಿಗೂ ಮಾತು ಶುರುವಾಯಿತು ಅಂದುಕೊಳ್ಳಬೇಡಿ. ಬೆಳಿಗ್ಗೆ ಚಾ ಕೊಡುವಾಗ ಅವರು, “ಹಲ್ಲು ಹೆಂಗೈತವ್ವಾ?” ಅನ್ನುವರು. ನಾನು, “ಚೆನ್ನಾಗೈತ್ರಿ ಮಾವಾರೆ” ಅನ್ನುವೆ. ಅಷ್ಟೇ. ಉಳಿದದ್ದೆಲ್ಲ ಮೊದಲಿನ ಹಾಗೇ ಅತ್ತೆಯ ಮೂಲಕ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದು ನಾವಿಬ್ಬರೂ ನೇರವಾಗಿ ಆಡಿದ ಮಾತೆಲ್ಲ ಒಂದು ಹಲ್ಲಿನದೇ. ಅವರಿಗೆ ಯಾವ ಬಣ್ಣದ ಬಟ್ಟೆ ಹೊಲಿಯಲು ಇಷ್ಟವಿತ್ತು? ಹುಡುಗನಾಗಿದ್ದಾಗ ಏನಾಗಬೇಕು ಅಂದುಕೊಂಡಿದ್ದರು? ಒಂದೂ ಕೇಳಲಿಲ್ಲ. ಎಷ್ಟು ಮಾತಿತ್ತು ನನ್ನ ಬಾಯಲ್ಲಿ, ಎಷ್ಟು ಹತ್ತಿರ ಇದ್ದರು ಅವರು.

ಎಂಬತ್ತರ ದಶಕದಲ್ಲಿ ಒಂದು ಚಳಿಗಾಲ ಜ್ವರ ಹಿಡಿದು ಮಲಗಿದರು, ಅಂಗಡಿಯ ಕೋಣೆಯಲ್ಲೇ, ಮಿಶನ್ನಿನ ಪಕ್ಕದಲ್ಲಿ. ಗಂಜಿ ಕುಡಿಸಲು ಹೋದೆ. ಕಣ್ಣು ತೆರೆದು, “ಹಲ್ಲು ಹೆಂಗೈತವ್ವಾ?” ಅಂದರು. “ಚೆನ್ನಾಗೈತ್ರಿ ಮಾವಾರೆ” ಅಂದೆ. ಬೇರೆ ಏನಾದರೂ ಹೇಳಬೇಕು ಅಂತ ಹಾಗೇ ನಿಂತೆ. ಅವರೂ ಕಾಯುತ್ತಿದ್ದ ಹಾಗಿತ್ತು. ಅಷ್ಟರಲ್ಲಿ ನೆಂಟರು ಯಾರೋ ನೋಡಲು ಬಂದರು, ನಾನು ಸೆರಗು ಎಳೆದುಕೊಂಡು ಒಳಗೆ ಹೋದೆ.

ಅವರು ತೀರಿಕೊಂಡಾಗ ಅಳಲಿಕ್ಕೆ ನನಗೆ ಪುರುಸೊತ್ತಿರಲಿಲ್ಲ. ಮನೆ ತುಂಬ ಜನ. ಸೊಸೆ ನಾನೊಬ್ಬಳೇ, ಅಷ್ಟೂ ಜನರಿಗೆ ಬೇಯಿಸಿ ಹಾಕಬೇಕು, ಅತ್ತೆಯನ್ನು ಹಿಡಿದುಕೊಳ್ಳಬೇಕು, ಮಕ್ಕಳನ್ನು ನೋಡಬೇಕು. ಗಟ್ಟಿ ಹೆಂಗಸು ಅಂತ ಬಂದವರು ಹೊಗಳಿ ಹೋದರು. ಆಮೇಲೆ ಬ್ರಷ್ಷುಗಳನ್ನು ನಾನೇ ಬಗ್ಗಿಸಿಕೊಳ್ಳತೊಡಗಿದೆ, ಕೆಂಡದ ಬದಲು ಮೇಣದಬತ್ತಿಗೆ ಹಿಡಿದು. ಕೆಲಸ ನಡೆಯುತ್ತಿತ್ತು, ಆದರೆ ಅವರ ಕೈಯ ಆ ಬಾಗು ಬರಲಿಲ್ಲ.

ಈಗ ನನಗೂ ಮುದುಕಿ ಅನ್ನುವ ವಯಸ್ಸು. ಹೋದ ವರ್ಷ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಆ ಬಲಗಡೆಯ ಹಲ್ಲು ತಾನಾಗಿಯೇ ಕಳಚಿ ಅಂಗೈಗೆ ಬಂತು. ನೋವಿಲ್ಲ, ಕೀವಿಲ್ಲ. ಹಣ್ಣಾದ ಎಲೆ ಉದುರಿದ ಹಾಗೆ. ಗಂಡ ನೋಡಿ, “ಹೋಗ್ಲಿ ಬಿಡು, ಎಷ್ಟು ವರ್ಷ ಬಾಳಿಕೆ ಬಂತಲ್ಲ” ಅಂದರು. ನಾನು ಬಚ್ಚಲ ಕಟ್ಟೆಯ ಮೇಲೆ ಕೂತು ಅಳಲು ಶುರುಮಾಡಿದೆ. ಒಂದು ಹಲ್ಲಿಗೆ ಇಷ್ಟು ಅಳುವುದೇ ಅಂತ ಅವರು ಕಂಗಾಲಾದರು. ಹಲ್ಲಿಗೆ ಅಲ್ರೀ, ಇವತ್ತು ನಿಮ್ಮಪ್ಪ ಹೋದರು ಅಂತ ಹೇಳಬೇಕೆನಿಸಿತು. ಅಳು ಬಿಡಲಿಲ್ಲ.